ಲೇಬಲ್ಲಿನ ಬೆನ್ನು

ಕಾರ್ಖಾನೆ ಮುಚ್ಚಿದ ದಿನ ಒಬ್ಬೊಬ್ಬರು ಒಂದೊಂದು ಒಯ್ದರು:
ಗೋಡೆಗಡಿಯಾರ, ತಕ್ಕಡಿ, ಮ್ಯಾನೇಜರನ ತಿರುಗುವ ಕುರ್ಚಿ.
ನನ್ನ ಪಾಲಿಗೆ ಎರಡು ಪೆಟ್ಟಿಗೆ ಲೇಬಲ್ಲು,
ಬಣ್ಣ ತಪ್ಪಿ ಅಚ್ಚಾದವು:
ಹಸಿರು ಸಾರ್ಡೀನು, ನೇರಳೆ ಟೊಮೇಟೊ,
ಯಾವ ಡಬ್ಬಿಯೂ ಮೈಮೇಲೆ ಹಾಕಿಕೊಳ್ಳದ ಅಂಗಿಗಳು.

ಬೆನ್ನು ಮಾತ್ರ ಬಿಳಿ.
ಆ ಬಿಳಿಯ ಮೇಲೆ ಚಳಿಗಾಲವಿಡೀ ಬರೆದೆ,
ಕೊಡೆ, ಮೇಕೆ, ಬೀಗದಕೈ, ಕಟ್ಟುಹಲ್ಲು,
ಒಂಟಿ ಬೂಟು, ಟ್ರಾಮು, ಬಾವಿ.
ಚಿತ್ರ ನನಗೆ ಬಾರದು.
ಮೂವತ್ತೊಂದು ವರ್ಷ ತಲೆ ಕತ್ತರಿಸಿದ ಕೈ ಇದು
(ಮೀನಿನದು, ಗಾಬರಿ ಬೇಡ).

ಗುರುವಾರ ಸಂಜೆ, ಮತೊಜಿನ್ಯೂಶಿನ ಲೈಬ್ರರಿ,
ಹೀಟರಿನ ಪಕ್ಕದ ದುಂಡು ಮೇಜು.
ನಿಯಮ ನನ್ನದೇ: ಮೂರು ಚೀಟಿ ಎಳೆ.
ಬದಲಿಸುವಂತಿಲ್ಲ, ಅಳುವಂತಿಲ್ಲ.
ಒಂದಾನೊಂದು ಊರು ಅಂದರೆ ನಡೆಯದು,
ಊರಿಗೊಂದು ಹೆಸರಿರಬೇಕು.

ಇವೋನಿಯ ಕೈಗೆ ಏನೇ ಬರಲಿ,
ಮೂರನೇ ಚೀಟಿಗೆ ಅವಳ ಚಿಕ್ಕಮ್ಮ ಸಾಯುತ್ತಾಳೆ.
ಬಾವಿಗೆ ಬಿದ್ದು, ಟ್ರಾಮಿಗೆ ಸಿಕ್ಕು,
ಒಮ್ಮೆ ಕಟ್ಟುಹಲ್ಲು ನುಂಗಿ.
ಚಿಕ್ಕಮ್ಮ ಗಟ್ಟಿಮುಟ್ಟಾಗಿದ್ದಾಳೆ, ಮೂಲೆಯ ಅಂಗಡಿಯಲ್ಲಿ
ನನಗೆ ಬಿಸಿ ಬ್ರೆಡ್ಡನ್ನೇ ಹುಡುಕಿ ಕೊಡುತ್ತಾಳೆ.
ನಾನು ಚಿಲ್ಲರೆ ಎಣಿಸುತ್ತಾ ಮುಖ ತಗ್ಗಿಸುತ್ತೇನೆ.

ಝಕಾರಿಯಸ್‌ನ ಮೇಕೆ ಎರಡೇ ಮಾತಿನಲ್ಲಿ ಗೋಲು ಹೊಡೆಯುತ್ತದೆ.

ತೆಲ್ಮೊ ಮಾತ್ರ
ಆರು ಗುರುವಾರ ಚೀಟಿ ಎಳೆದ, ನೋಡಿದ,
ಬೋರಲು ಹಾಕಿದ.
ನಾನೇನೂ ಅನ್ನಲಿಲ್ಲ.
ಕತ್ತಿಯ ಹತ್ತಿರ ಹೊಸಬರ ಕೈ ಬರಲು ವಾರಗಳೇ ಬೇಕು,
ಬೈದರೆ ಬೆರಳು ಹೋಗುತ್ತದೆ.
ಬಿಸ್ಕತ್ತಿನ ತಟ್ಟೆ ಅವನ ಕಡೆ ಸರಿಸಿದೆ.

ಏಳನೆಯ ಗುರುವಾರ
ಮೇಕೆ, ಕೊಡೆ, ಮತ್ತೆ, ಒಂದು ಚೀಟಿಗೆ ಬೆರಳಿಟ್ಟು,
"ಮೀನಿನ ಮುಳ್ಳು" ಅಂದ.

"ಅದು ಏಣಿ ಕಣೋ" ಇವೋನಿ ಎದ್ದು ನಿಂತಳು.
ಎಲ್ಲರೂ ನನ್ನ ಮುಖ ನೋಡಿದರು.
ಏಣಿಯೇ. ಬರೆದವಳು ನಾನಲ್ಲವೆ?
ಜಾಗ ಸಾಲದೆ ಎರಡು ಕಂಬ ಅಂಟಿ ಒಂದಾಗಿದ್ದವು,
ಮೆಟ್ಟಿಲು ಎರಡೂ ಬದಿಗೆ ಚಾಚಿಕೊಂಡಿದ್ದವು.
ಏಣಿ ಎನ್ನಲು ಬಾಯಿ ತೆರೆದೆ,
ತೆರೆದ ಬಾಯಿಗೆ ಬಿಸ್ಕತ್ತು ಹಾಕಿಕೊಂಡೆ.

"ಮತೊಜಿನ್ಯೂಶಿನಲ್ಲಿ ಒಂದು ಮೀನಿತ್ತು.
ಎಲ್ಲರೂ ತಿಂದು ಮುಗಿಸಿದರು.
ಮುಳ್ಳು ಉಳೀತು. ಅದಕ್ಕೆ ಬೇಜಾರಾಗಿ ಎದ್ದು ನಿಂತಿತು.
ಮೇಕೆ ಬಂತು, ಹತ್ತಿತು.
ಕೆಳಗೆ ಮಳೆ ಇರಲಿಲ್ಲ, ಮೇಲೆ ಇತ್ತು.
ಅದಕ್ಕೇ ಕೊಡೆ."

"ಆಮೇಲೆ?"

"ಆಮೇಲೆ ಏನು, ಇನ್ನೂ ಹತ್ತುತ್ತಾ ಇದೆ."

ಝಕಾರಿಯಸ್ ಕೂಡ ಚೆಂಡು ಮರೆತು ಸೂರು ನೋಡಿದ.
ಚಿಕ್ಕಮ್ಮನಿಗೆ ಆ ವಾರ ಆಯಸ್ಸು ಉಳಿಯಿತು.

ಮೂವತ್ತೊಂದು ವರ್ಷ
ಹೆಬ್ಬೆರಳಿನಿಂದ ಸೀಳಿ, ಎಳೆದು, ಬಕೆಟ್ಟಿಗೆ ಎಸೆದದ್ದು ಅದನ್ನೇ.
ಬಕೆಟ್ಟು ಲಾರಿಗೆ, ಲಾರಿ ಗೊಬ್ಬರದವನ ಅಂಗಳಕ್ಕೆ.
ಒಂದನ್ನಾದರೂ ನೆಟ್ಟಗೆ ನಿಲ್ಲಿಸಿ ನೋಡಿದ್ದೆನೆ?
ನಿಲ್ಲಿಸಿದ್ದರೆ ಮೇಸ್ತ್ರಿ ಸಂಬಳ ಹಿಡಿಯುತ್ತಿದ್ದ,
ಅದು ಬೇರೆ ಮಾತು.

ಆ ರಾತ್ರಿ ಕೆಂಡದ ಮೇಲೆ ಎರಡು ಸಾರ್ಡೀನು ಸುಟ್ಟೆ.
ಬೆನ್ನುಮೂಳೆ ಮುರಿಯದಂತೆ ಬಿಡಿಸಿ
ಉಪ್ಪಿನ ಭರಣಿಗೆ ಒರಗಿಸಿದೆ.
ದೀಪ ಸರಿಸಿದರೆ ನೆರಳು ಗೋಡೆಗೆ ಹೋಯಿತು,
ಸೂರಿಗೆ ಮುಟ್ಟುವಷ್ಟು.
ಮೇಕೆ ಬರಲಿಲ್ಲ. ಕಾದಿದ್ದೆ ಎಂದು ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ತಟ್ಟೆ ತೊಳೆದು, ಮುಳ್ಳು ಬಿಸುಟು,
ಹೊಸದೊಂದು ಲೇಬಲ್ಲು ಮಗುಚಿ ಮೊಲ ಬರೆಯಲು ಕೂತೆ.
ಕಿವಿ ದೊಡ್ಡದಾಯಿತು, ಬಾಲ ಅಂಚಿಗೆ ಬಂತು,
ಮೂರೇ ಕಾಲಿಗೆ ಜಾಗ ಮುಗಿಯಿತು.
ಹಾಗೇ ಬಿಟ್ಟಿದ್ದೇನೆ.
ಅದು ಮೊಲವೇ ಎಂದು
ಈ ಸಲ ನಾನು ಹಟ ಹಿಡಿಯುವುದಿಲ್ಲ.